ನಡುವಿನ ಮರಿಯಾ

ಪಪೋಸೊ ಕೊಲ್ಲಿಯಲ್ಲಿ ನನ್ನ ಸೋದರಮಾವ ಎರ್ಮೋಹೆನೆಸ್
ಕಡಲಪಾಚಿ ಕೀಳುತ್ತಾನೆ, ಬಂಡೆಸಂದಿಯ ಆಕ್ಟೋಪಸ್ ಹಿಡಿಯುತ್ತಾನೆ.
ಅವನಿಗೊಂದು ಪೋಲರಾಯ್ಡ್ ಕನ್ನಡಕ, ತಾಲ್ತಾಲಿನ ಸಂತೆಯದು,
ಒಂದು ಕಿವಿಗೆ ಕಡ್ಡಿ, ಇನ್ನೊಂದಕ್ಕೆ ಬಲೆಯ ದಾರ.
ಹಾಕಿಕೊಂಡರೆ ನೀರ ಮೇಲಿನ ಝಳಪು ಆರುತ್ತದೆ.
ಕಲ್ಲು ಕಲ್ಲಾಗುತ್ತದೆ,
ಕಲ್ಲಿನಂತೆ ಕೂತದ್ದು ಕಣ್ಣು ಬಿಡುತ್ತದೆ.

ಅದೇ ತಲೆಯನ್ನು ಹೀಗೆ ವಾಲಿಸಿದರೆ ಮತ್ತೆ ಬರೀ ಹೊಳಪು.
"ಬೆಳಕಿಗೂ ಒಂದು ಮಗ್ಗುಲಿದೆ, ನೋಡು" ಅಂದಿದ್ದ,
ನನಗಾಗ ಏಳು ವರ್ಷ.
ಆಮೇಲೆ ಆಂತೊಫಗಾಸ್ತಾದಲ್ಲಿ ಐದು ವರ್ಷ ಓದಿ ಕಲಿತದ್ದು
ಹೆಚ್ಚುಕಮ್ಮಿ ಇಷ್ಟೇ.

ಈಗ ರಾತ್ರಿಪಾಳಿ. ಅವನ ದೋಣಿಯಿಂದ ನೆಟ್ಟಗೆ ಮೇಲೆ
ಎರಡೂವರೆ ಸಾವಿರ ಮೀಟರಿನ ಬೋಳುಗುಡ್ಡ,
ಹುಲ್ಲಿಲ್ಲ, ನೊಣವಿಲ್ಲ; ಏಳು ಪರದೆ, ಆರಿದ ಕಾಫಿ.
ಇನ್ನಾವುದೋ ನಾಡಲ್ಲಿ ಜಿಂಕೆಗೆ ನಾಟಿದ ಬಾಣ ಅನ್ನುವರಂತೆ,
ನಮಗೆ ಅವರು ಮೂವರು ಮರಿಯರು.
ನನ್ನ ಪಾಲಿಗೆ ಬಂದವಳು ನಡುವಿನವಳು.

ದೈತ್ಯೆ. ತನ್ನ ಬೆಳಕಿನ ನೂಕನ್ನು ತಾನೇ ತಾಳಲಾರದೆ
ಮೈಯನ್ನೇ ಬಿಚ್ಚಿ ಬೀಸುತ್ತಾಳೆ,
ಸೆಕೆಂಡಿಗೆ ಸಾವಿರದೈನೂರು ಕಿಲೋಮೀಟರಿಗೂ ಮಿಕ್ಕ ಗಾಳಿ.
ನನ್ನ ದೂರದರ್ಶಕಕ್ಕೋ ಅವಳೊಂದು ಚುಕ್ಕಿ,
ಅವಳ ಬಿರುಗಾಳಿಯೆಲ್ಲ ಆ ಚುಕ್ಕಿಯೊಳಗೇ.

ಆದರೆ ಆ ಗಾಳಿಯ ಎಲೆಕ್ಟ್ರಾನಿಗೆ ತಾಗಿ ಇತ್ತ ಹೊರಳಿದ ಬೆಳಕಿಗೆ
ಒಂದು ಮಗ್ಗುಲು ಹತ್ತಿರುತ್ತದೆ.
ಬಲಕ್ಕೆ ಚಿಮ್ಮಿದ ಮುದ್ದೆಯಿಂದ ಬಂದದ್ದು ಮೇಲೆ ಕೆಳಗೆ ನಡುಗುತ್ತದೆ,
ನೆತ್ತಿಯಿಂದ ಚಿಮ್ಮಿದ್ದರದು ಅಡ್ಡಡ್ಡ.
ಎಲ್ಲ ಕಡೆಗೂ ಒಂದೇ ಸಮ ಬೀಸಿದ್ದರೆ
ನಡುಕ ನಡುಕವನ್ನು ತಿಂದು ಸೊನ್ನೆ.
ಪೂರಾ ದುಂಡಗಿನ ಗಾಳಿ ಬಾಯಿ ಬಿಡುವುದಿಲ್ಲ;
ಸೊಟ್ಟಗಿದ್ದಷ್ಟೇ ಸುದ್ದಿ,
ಸಾವಿರಕ್ಕೆ ನಾಲ್ಕೋ ಐದೋ ಪಾಲು.

ಫಲಕ ತಿರುಗಿಸುತ್ತೇನೆ: ಸೊನ್ನೆ, ಇಪ್ಪತ್ತೆರಡೂವರೆ,
ನಲವತ್ತೈದು, ಅರವತ್ತೇಳೂವರೆ ಡಿಗ್ರಿ.
ಹರಳು ಒಂದು ಚುಕ್ಕಿಯನ್ನು ಎರಡು ಮಾಡುತ್ತದೆ.
ಎರಡನ್ನೂ ತೂಗು, ಒಂದರಿಂದ ಒಂದು ಕಳೆ, ಮತ್ತೆ ತಿರುಗಿಸು.
ಮಾವ ತಲೆ ವಾಲಿಸಿದಂತೆಯೇ, ರಾತ್ರಿಗೆ ನಾನೂರು ಸಲ.
ದಾರಿಯ ಧೂಳೂ ತನ್ನ ಮಗ್ಗುಲನ್ನು ಬೆಳಕಿಗೆ ಮೆತ್ತಿರುತ್ತದೆ,
ಅದು ದಿನವೂ ಅಷ್ಟೇ; ಕಳೆದುಬಿಡಬಹುದು.
ಬದಲಾಗುವುದು ಮಾತ್ರ ಅವಳದು.

ಜನವರಿ ಹತ್ತೊಂಬತ್ತರ ರಾತ್ರಿ ನಮ್ಮ ಗುಡ್ಡದ ಗಾಳಿ
ಸೆಕೆಂಡಿಗೆ ಹದಿನೆಂಟು ಮೀಟರ್ ಮುಟ್ಟಿತು.
ಗುಮ್ಮಟ ಮುಚ್ಚಬೇಕು, ನಿಯಮ. ಮುಚ್ಚಿದೆ.
ತಗಡು ಬೆಳಗಿನವರೆಗೂ ಬಡಕೊಂಡಿತು.
ಆ ರಾತ್ರಿ ಅವಳು ಏನು ಎಸೆದಳೋ, ಯಾವ ಕಡೆಗೋ.

ಭಾನುವಾರ ಹಾಳೆಯನ್ನು ಕೆಳಗೆ ಒಯ್ದೆ.
ಅತ್ತೆ ಎದೆಲ್ಮಿರಾ ಮೇಜಿನ ಮೇಲಿನ ಮೀನಿನ ಹುರುಪೆ ಒರೆಸಿದಳು.
ನಲವತ್ತೊಂದು ಚುಕ್ಕಿ, ಒಂದರಿಂದ ಒಂದಕ್ಕೆ ಗೆರೆ.
"ಕುಡುಕನ ಹೆಜ್ಜೆ" ಅಂದಳು, ಒಲೆಯ ಕಡೆ ಹೋದಳು.
ಮಾವ ಕನ್ನಡಕ ಏರಿಸಿದ. ಕಾಗದಕ್ಕೆ ಅದೇಕೆ, ನಾನು ಕೇಳಲಿಲ್ಲ.
ಉಪ್ಪಿಗೆ ಬಿರಿದ ಬೆರಳು ಗೆರೆ ಹಿಡಿದು ಹೊರಟಿತು:
"ಇವತ್ತು ಇಲ್ಲಿ, ನಾಳೆ ಅಲ್ಲಿ. ಎತ್ತ ಹೋಗ್ತಿದಾಳೆ ಇವಳು?"
"ಎತ್ತಲೂ ಇಲ್ಲ. ಉದುರ್ತಿದಾಳೆ.
ತುಂಡು ತುಂಡಾಗಿ, ಹೊತ್ತಿಲ್ಲ, ದಿಕ್ಕಿಲ್ಲ."
"ಪೂರಾ ಮುಗಿಯೋದು?"
"ನಮ್ಮ ಕಾಲಕ್ಕೆ ಅಲ್ಲ."

ಬೆರಳು ಒಂದು ಕಡೆ ನಿಂತಿತು,
ಗೆರೆ ಕಡಿದು ಮತ್ತೆಲ್ಲೋ ಶುರುವಾಗುವ ಜಾಗ.
"ಇಲ್ಲೇನಾಯ್ತು?"
"ಗಾಳಿ."
"ಹೂಂ. ಆವತ್ತು ನನಗೂ ಏನೂ ಸಿಗಲಿಲ್ಲ."

ಹಾಳೆ ಮಡಿಚಿ ಸಕ್ಕರೆ ಡಬ್ಬದ ಅಡಿ ಇಟ್ಟ.
ಇಳಿತ ನಾಲ್ಕೂ ನಲವತ್ತಕ್ಕೆ; ಕೊಕ್ಕೆ ತಗೊಂಡು ನಡೆದ.
ಬಂಡೆಯ ಮೇಲೆ ನಿಂತು ತಲೆ ವಾಲಿಸುವುದು ಕಿಟಕಿಯಲ್ಲಿ ಕಂಡಿತು,
ಇಷ್ಟು,
ಇನ್ನೊಂಚೂರು.